ಕರೆಂಟ್ ಹೋದಾಗ ಹೋಗುವುದೇನು?

ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ತೋರಣಗಲ್ಲು ಸಿಗುತ್ತದೆ. ಅದರ ಮಗ್ಗುಲಲ್ಲೇ ಸಂಡೂರು ತಾಲ್ಲೂಕಿನ ಕುರೆಕುಪ್ಪ. ಪಕ್ಕದಲ್ಲಿ ಉಕ್ಕಿನ ಕಾರ್ಖಾನೆ, ಬಳ್ಳಾರಿಯ ಕಡೆಗೆ ಕುಡತಿನಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಪಶ್ಚಿಮಕ್ಕೆ ತುಂಗಭದ್ರಾ ಜಲಾಶಯದ ಜಲವಿದ್ಯುದಾಗಾರಗಳು. ಇವುಗಳ ನಡುವೆ ಹೊಲಗಳ ಮೇಲೆ ಸಾಲುಸಾಲಾಗಿ ನಿಂತ ಉಕ್ಕಿನ ಗೋಪುರಗಳು. ಇಂಥ ಊರಿನ ಮಗು ಶಾಲೆಗೆ ಸೇರುವ ಮೊದಲೇ 'ಕರೆಂಟ್' ಎಂಬ ಪದವನ್ನು ಕಲಿತಿರುತ್ತದೆ.

ಆದರೆ ಆ ಪದವನ್ನು ನಾವು ಹೇಗೆ ಬಳಸುತ್ತೇವೆ, ಗಮನಿಸಿದ್ದೀರಾ? "ಕರೆಂಟ್ ಹೋಯ್ತು" ಎನ್ನುತ್ತೇವೆ. "ಕರೆಂಟ್ ಕಡಿಮೆ ಐತಿ, ಮೋಟ್ರು ಎತ್ತಂಗಿಲ್ಲ" ಎನ್ನುತ್ತೇವೆ. "ಕರೆಂಟ್ ಹೊಡೀತು" ಎನ್ನುತ್ತೇವೆ. ತಿಂಗಳಿಗೊಮ್ಮೆ "ಕರೆಂಟ್ ಬಿಲ್ಲು" ಕಟ್ಟುತ್ತೇವೆ. ಈ ನಾಲ್ಕು ಮಾತುಗಳಲ್ಲಿ ಭೌತವಿಜ್ಞಾನದ ಅರ್ಥದ ಕರೆಂಟ್, ಅಂದರೆ ವಿದ್ಯುತ್ಪ್ರವಾಹ, ಇರುವುದು ಒಂದರಲ್ಲಿ ಮಾತ್ರ. ಮೊದಲನೆಯದರಲ್ಲಿ ಹೋದದ್ದು ವಿಭವಾಂತರ. ಎರಡನೆಯದರಲ್ಲಿ ಕಡಿಮೆಯಾದದ್ದೂ ಅದೇ. ನಾಲ್ಕನೆಯದರಲ್ಲಿ ನಾವು ಹಣ ತೆರುವುದು ಶಕ್ತಿಗೆ. ಮೈಗೆ ಹೊಡೆಯುವುದು ಮಾತ್ರ ನಿಜವಾದ ಕರೆಂಟ್!

ಇದು ಬರಿಯ ಪದಗಳ ಜಗಳವೆಂದು ಓದುಗರು ಭಾವಿಸಬಾರದು. ಒಂದು ಮನೆಯಲ್ಲಿ ಸ್ವಿಚ್ಚನ್ನು ತಪ್ಪಾಗಿ ತಟಸ್ಥ ತಂತಿಯಲ್ಲಿ ಜೋಡಿಸಿದ್ದಾರೆ ಎನ್ನಿ. ಸ್ವಿಚ್ ಆರಿಸಿದರೆ ಬಲ್ಬು ಆರುತ್ತದೆ. "ಈಗ ಕರೆಂಟ್ ಇಲ್ಲ" ಎಂದು ಹೋಲ್ಡರಿಗೆ ಕೈ ಹಾಕುತ್ತಾರೆ. ಮಾತು ಸರಿಯಾಗಿಯೇ ಇದೆ, ಬಲ್ಬಿನಲ್ಲಿ ಪ್ರವಾಹವಿಲ್ಲ. ಆದರೆ ಹೋಲ್ಡರಿನ ತುದಿಯಲ್ಲಿ 230 ವೋಲ್ಟ್ ಹಾಗೆಯೇ ಕಾದು ನಿಂತಿದೆ. ಒದ್ದೆ ಮೈಯ ರೋಧ ಸುಮಾರು 1000 ಓಮಿಗೆ ಇಳಿಯಬಹುದು. 230ನ್ನು 1000ದಿಂದ ಭಾಗಿಸಿದರೆ 0.23 ಆಂಪಿಯರ್. ಪ್ರಾಣ ತೆಗೆಯಲು ಇದರ ಒಂದಂಶ ಸಾಕು. ಮನೆಗಳಲ್ಲಿ ಅಳವಡಿಸುವ ಸೋರಿಕೆ ರಕ್ಷಕಗಳು 0.03 ಆಂಪಿಯರ್ ಸೋರಿದರೆ ವಿದ್ಯುತ್ತನ್ನು ಕಡಿಯುವಂತೆ ಇರುವುದು ಇದಕ್ಕಾಗಿಯೇ. 'ಪ್ರವಾಹವಿಲ್ಲ' ಮತ್ತು 'ವಿಭವಾಂತರವಿಲ್ಲ' ಎಂಬ ಎರಡು ಮಾತುಗಳ ನಡುವಿನ ಅಂತರ ಒಂದು ಜೀವದಷ್ಟು.

ಪತ್ರಿಕೆಯ ಚೌಕಟ್ಟಿನಲ್ಲಿ ಇರುವ ಪಾಠ

ಪಠ್ಯಪುಸ್ತಕದ ಪದಗಳು ಇಲ್ಲಿ ಸಹಾಯಕ್ಕೆ ಬರುವುದು ಕಡಿಮೆ. 'ವಿಭವ' ಎಂದರೆ ಮಕ್ಕಳಿಗೆ ಸಿರಿಸಂಪತ್ತಿನ ವೈಭವ ನೆನಪಾಗುತ್ತದೆ. 'ಆವೇಶ' ಎಂದರೆ ಜಾತ್ರೆಯಲ್ಲಿ ಮೈಮೇಲೆ ಬರುವುದು. ಹತ್ತನೆಯ ತರಗತಿಯವರೆಗೆ ಈ ಪದಗಳನ್ನು ಬಾಯಿಪಾಠ ಮಾಡಿ, ಪಿ.ಯು.ಸಿ.ಗೆ ಬಂದೊಡನೆ ಇಂಗ್ಲಿಷ್ ಪದಗಳನ್ನು ಮತ್ತೆ ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಎರಡೂ ಕಡೆ ಚಿತ್ರ ಮೂಡದೆ ಹೋಗುತ್ತದೆ. ಅಧ್ಯಾಪಕ ಮಿತ್ರರೇ, ನಮ್ಮ ಈ ಸೀಮೆಯಲ್ಲಿ ಆ ಚಿತ್ರ ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ತುಂಗಭದ್ರಾ ಜಲಾಶಯದ ಮಟ್ಟ ಇಷ್ಟು ಅಡಿ, ಸಂಗ್ರಹ ಇಷ್ಟು ಟಿ.ಎಂ.ಸಿ., ಒಳಹರಿವು ಇಷ್ಟು ಕ್ಯುಸೆಕ್. ಹೊಸಪೇಟೆ, ಕಂಪ್ಲಿಯ ರೈತರಿಗೆ ಈ ಮೂರು ಅಂಕಿಗಳಲ್ಲಿ ಗೊಂದಲವಿಲ್ಲ. ಮಟ್ಟವನ್ನು ಹರಿವೆಂದೋ, ಹರಿವನ್ನು ಸಂಗ್ರಹವೆಂದೋ ಅವರು ಎಂದೂ ತಿಳಿಯುವುದಿಲ್ಲ.

ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು. ವಿದ್ಯುತ್ತಿನಲ್ಲಿ ಇದರ ಸಾಟಿ ಆವೇಶ, ಅದರ ಮಾನ ಕೂಲಂಬ್. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಇದರ ಸಾಟಿ ಆಂಪಿಯರ್, ಸೆಕೆಂಡಿಗೆ ಒಂದು ಕೂಲಂಬ್. 11,574 ಕ್ಯುಸೆಕ್ ನೀರು ಒಂದು ಇಡೀ ದಿನ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆಂಬುದು ಇಲ್ಲಿ ಹಲವರಿಗೆ ಗೊತ್ತು. ಹಾಗೆಯೇ ಮೊಬೈಲ್ ಬ್ಯಾಟರಿಯ ಮೇಲೆ 5000 ಮಿಲಿಆಂಪಿಯರ್-ಗಂಟೆ ಎಂದಿದ್ದರೆ, 5 ಆಂಪಿಯರ್ 3600 ಸೆಕೆಂಡು ಹರಿದಷ್ಟು, ಅಂದರೆ 18,000 ಕೂಲಂಬ್. ಅದು ಬ್ಯಾಟರಿಯ 'ಟಿ.ಎಂ.ಸಿ.' ಎನ್ನಬಹುದು.

ಇನ್ನು ಮಟ್ಟ. ಜಲಾಶಯ ತುಂಬಿದಾಗ ಮಟ್ಟ 1633 ಅಡಿ. ಅಣೆಕಟ್ಟು ಅಷ್ಟು ಎತ್ತರವಿದೆಯೇ? ಇಲ್ಲ, 1633 ಅಡಿ ಸಮುದ್ರಮಟ್ಟದಿಂದ ಎಣಿಸಿದ್ದು. ಸಮುದ್ರವನ್ನು ಸೊನ್ನೆ ಎಂದು ಇಟ್ಟುಕೊಂಡವರು ನಾವು. ವಿದ್ಯುತ್ತಿನಲ್ಲಿ ಈ ಸೊನ್ನೆಯ ಸ್ಥಾನ ಭೂಮಿಯದು, ಅದರಿಂದ ಎಣಿಸಿದ ಮಟ್ಟವೇ ವಿಭವ. ಆದರೆ ಟರ್ಬೈನನ್ನು ತಿರುಗಿಸುವುದು 1633 ಅಡಿಯಲ್ಲ, ಕಟ್ಟೆಯ ಮೇಲಿನ ನೀರಿಗೂ ಕೆಳಗಿನ ನೀರಿಗೂ ಇರುವ ವ್ಯತ್ಯಾಸ. ಅದೇ ವಿಭವಾಂತರ. ತಂತಿಯ ಮೇಲೆ ಕುಳಿತ ಕಾಗೆಗೆ ಏಕೆ ಏನೂ ಆಗುವುದಿಲ್ಲವೆಂದು ಕೇಳುವ ವಿದ್ಯಾರ್ಥಿಗೆ ಉತ್ತರವೂ ಇಲ್ಲೇ ಇದೆ. ಅದರ ಎರಡೂ ಕಾಲು ಒಂದೇ ಮಟ್ಟದಲ್ಲಿವೆ. ಗೇಟು ಮುಚ್ಚಿದಾಗ ಹೊರಹರಿವು ಸೊನ್ನೆಯಾಗುತ್ತದೆ, ಮಟ್ಟ ಸೊನ್ನೆಯಾಗುವುದಿಲ್ಲ. ಮೇಲೆ ಹೇಳಿದ ಬಲ್ಬಿನ ಹೋಲ್ಡರ್ ನೆನಪಿರಲಿ.

ನಾಲ್ಕನೆಯ ಪದವೊಂದನ್ನೂ ಇದೇ ಜಲಾಶಯ ಕಲಿಸುತ್ತದೆ. ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ. ಈಗಿನ ಲೆಕ್ಕ 105.788 ಟಿ.ಎಂ.ಸಿ. ತುಂಬಿದ ಮಟ್ಟ ಅಂದೂ 1633, ಇಂದೂ 1633. ನಡುವೆ ಹೂಳು ಬಂದು ಕುಳಿತಿದೆ. ಒಂದೇ ಮಟ್ಟಕ್ಕೆ ಎಷ್ಟು ಹಿಡಿಯುತ್ತದೆ ಎಂಬ ಈ ಗುಣಕ್ಕೆ ವಿದ್ಯುತ್ತಿನಲ್ಲಿ ಧಾರಕತೆ ಎಂದು ಹೆಸರು. ಒಂದು ವೋಲ್ಟಿಗೆ ಒಂದು ಕೂಲಂಬ್ ಹಿಡಿದರೆ ಧಾರಕತೆ ಒಂದು ಫ್ಯಾರಡ್. ಈ ಪದ ಕೊನೆಯಲ್ಲಿ ರೇಡಿಯೊ ತಿರುಗಿಸುವಾಗ ಮತ್ತೆ ಬೇಕಾಗುತ್ತದೆ.

ಟೆನ್ಷನ್ ಬೇರೆ, ಕರೆಂಟ್ ಬೇರೆ

ಇಷ್ಟು ಸರಳವಾದದ್ದನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೂ ಕಾಲ ಹಿಡಿಯಿತು. 18ನೆಯ ಶತಮಾನದಲ್ಲಿ ವಿದ್ಯುತ್ ಎಂದರೆ ಉಜ್ಜಿ ಪಡೆದ ಕಿಡಿ. 1740ರ ದಶಕದ ಕೊನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಅದನ್ನು ಒಂದೇ ದ್ರವವೆಂದು ಊಹಿಸಿ, ಹೆಚ್ಚಿದ್ದರೆ ಧನ, ಕೊರತೆಯಿದ್ದರೆ ಋಣ ಎಂದು ಕರೆದ. ಯಾವ ಕಡೆ ಹೆಚ್ಚಿದೆ ಎಂದು ತಿಳಿಯುವ ದಾರಿ ಆಗ ಇರಲಿಲ್ಲ, ಆತ ಊಹಿಸಿದ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದಾಗ ಊಹೆ ತಲೆಕೆಳಗಾಗಿತ್ತೆಂದು ಗೊತ್ತಾಯಿತು. ತಂತಿಯಲ್ಲಿ ಚಲಿಸುವ ಕಣದ ಆವೇಶ ಋಣ! ಅಷ್ಟು ಹೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಇಂದಿಗೂ ನಾವು ಬಾಣದ ಗುರುತನ್ನು ಧನದಿಂದ ಋಣಕ್ಕೆ ಎಳೆಯುತ್ತೇವೆ, ಎಲೆಕ್ಟ್ರಾನುಗಳು ಎದುರು ದಿಕ್ಕಿನಲ್ಲಿ ಹೋಗುತ್ತವೆ. ವಿದ್ಯಾರ್ಥಿ ಇಲ್ಲಿ ತಬ್ಬಿಬ್ಬಾದರೆ ಗದರಬೇಡಿ, ತಪ್ಪು ಅವನದಲ್ಲ.

1800ರಲ್ಲಿ ಇಟಲಿಯ ವೋಲ್ಟಾ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನ ರಟ್ಟು ಇಟ್ಟು ಪೇರಿಸಿ, ನಿಲ್ಲದೆ ಹರಿಯುವ ವಿದ್ಯುತ್ತನ್ನು ಪಡೆದ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಪ್ರಕಟಿಸಿದ. ಸುದ್ದಿ ಪ್ಯಾರಿಸಿಗೆ ಬಂದ ಕೆಲವೇ ವಾರಗಳಲ್ಲಿ ಆಂಪಿಯರ್ ಒಂದು ಮುಖ್ಯ ಮಾತು ಹೇಳಿದ. ಮಂಡಲ ತೆರೆದಿರುವಾಗ ತುದಿಗಳಲ್ಲಿ ಇರುವುದು ಒಂದು, ಮುಚ್ಚಿದಾಗ ತಂತಿಯಲ್ಲಿ ನಡೆಯುವುದು ಇನ್ನೊಂದು. ಮೊದಲನೆಯದನ್ನು ಆತ ತನ್ನ ಭಾಷೆಯಲ್ಲಿ ಟೆನ್ಷನ್ ಎಂದ, ಎರಡನೆಯದನ್ನು ಪ್ರವಾಹ ಎಂದ. ಮುಳ್ಳನ್ನು ಅಲುಗಿಸುವುದು ಎರಡನೆಯದು.

ಈಗ ಕುರೆಕುಪ್ಪದ ಹೊಲಕ್ಕೆ ಬನ್ನಿ. ಗೋಪುರದ ಮೇಲೆ ಹಾದುಹೋದದ್ದನ್ನು ಜನ ಏನೆನ್ನುತ್ತಾರೆ? 'ಹೈಟೆನ್ಷನ್ ಲೈನು'. ಮನೆಯಲ್ಲಿ ಉರಿಯುವುದಕ್ಕೆ 'ಕರೆಂಟು'. ಆಂಪಿಯರ್ ಬೇರ್ಪಡಿಸಿದ ಎರಡೂ ಪದಗಳು ಎರಡು ಶತಮಾನ ದಾಟಿ ಹಳ್ಳಿಯ ಬಾಯಲ್ಲಿ ಇವೆ. ಪಾಠವನ್ನು ಅಲ್ಲಿಂದಲೇ ಶುರುಮಾಡಿದರೆ ವಿಭವಾಂತರ ಎಂಬ ಪದಕ್ಕೆ ಅರ್ಧ ಹೆದರಿಕೆ ಕಡಿಮೆಯಾದೀತು.

ಎರಡನ್ನೂ ಜೋಡಿಸಿದವನು ಒಬ್ಬ ಶಾಲಾ ಮೇಷ್ಟರು. ಜರ್ಮನಿಯ ಕೊಲೋನಿನ ಪ್ರೌಢಶಾಲೆಯಲ್ಲಿ ಕಲಿಸುತ್ತಿದ್ದ ಜಾರ್ಜ್ ಓಮ್, ಒಂದೇ ತಂತಿಯಲ್ಲಿ ವಿಭವಾಂತರ ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿಯಾಗುತ್ತದೆಂದು ಅಳೆದು ತೋರಿಸಿ 1827ರಲ್ಲಿ ಪುಸ್ತಕ ಪ್ರಕಟಿಸಿದ. ಸ್ವದೇಶದಲ್ಲಿ ಅದಕ್ಕೆ ಸಿಕ್ಕಿದ್ದು ತಣ್ಣನೆಯ ಸ್ವಾಗತ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟದ್ದು 1841ರಲ್ಲಿ. ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದಾಗ ಬರುವ ರೋಧಕ್ಕೆ ಇಂದು ಆತನ ಹೆಸರೇ ಮಾನ.

ತಂತಿ ಮೊದಲು, ಮಾನ ಆಮೇಲೆ

ಒಂದು ವಿಚಿತ್ರ ನೋಡಿ. 1850ರ ದಶಕದಲ್ಲಿ ವಿಲಿಯಂ ಓಷಾನೆಸ್ಸಿಯ ಮೇಲ್ವಿಚಾರಣೆಯಲ್ಲಿ ಭಾರತದ ಟೆಲಿಗ್ರಾಫ್ ಮಾರ್ಗಗಳು ಹರಡಿದವು. ಮುಂಬಯಿ-ಮದ್ರಾಸು ಮಾರ್ಗ ಬಳ್ಳಾರಿ, ಬೆಂಗಳೂರುಗಳ ಮೇಲೆ ಹಾದುಹೋಯಿತು. ಬಳ್ಳಾರಿಯಲ್ಲಿ ಸಂದೇಶಗಳು ಟಕಟಕ ಎನ್ನುತ್ತಿದ್ದಾಗ ಜಗತ್ತಿನಲ್ಲಿ ವೋಲ್ಟ್, ಆಂಪಿಯರ್, ಓಮ್ ಎಂಬ ಮಾನಗಳೇ ಇರಲಿಲ್ಲ! ಹೋಗುವುದಕ್ಕೆ ಒಂದು ತಂತಿ, ಹಿಂದಿರುಗುವುದಕ್ಕೆ ಭೂಮಿ. ಭೂಮಿಯನ್ನೇ ಮರಳುವ ದಾರಿಯಾಗಿ ಬಳಸಬಹುದೆಂದು ಜರ್ಮನಿಯ ಸ್ಟೈನ್‌ಹೈಲ್ 1838ರಲ್ಲಿ ತೋರಿಸಿದ್ದ. ನಾವು ಇಂದು 'ಅರ್ಥ್' ಎನ್ನುವ ಪದದ ಹಿಂದೆ ಈ ಟೆಲಿಗ್ರಾಫ್ ನೆಲ ಇದೆ.

ಮಾನಗಳು ಹುಟ್ಟಿದ್ದೂ ಟೆಲಿಗ್ರಾಫಿನವರ ಕಷ್ಟದಿಂದ. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಕಿದ ಕೇಬಲ್ ಕೆಲವೇ ವಾರಗಳಲ್ಲಿ ಸತ್ತುಹೋಯಿತು. ದುರ್ಬಲವಾದ ಸಂಕೇತವನ್ನು ಬಲಪಡಿಸಲು ಅತಿಯಾದ ವಿಭವಾಂತರ ಕೊಟ್ಟದ್ದು ಅದರ ನಿರೋಧಕ ಹೊದಿಕೆಯನ್ನು ಕೆಡಿಸಿತ್ತು. ಕೇಬಲ್ ಎಷ್ಟು ತಡೆಯುತ್ತದೆ, ಎಷ್ಟು ಕೊಡಬಹುದು ಎಂದು ಹೇಳಲು ಎಲ್ಲರೂ ಒಪ್ಪಿದ ಅಳತೆ ಇರಲಿಲ್ಲ. 1861ರಲ್ಲಿ ಕ್ಲಾರ್ಕ್ ಮತ್ತು ಬ್ರೈಟ್ ಎಂಬ ಇಬ್ಬರು ಕೇಬಲ್ ಎಂಜಿನಿಯರುಗಳು ವಿಜ್ಞಾನಿಗಳ ಹೆಸರನ್ನೇ ಮಾನಗಳಿಗೆ ಇಡಬೇಕೆಂದು ಸೂಚಿಸಿದರು. ಬ್ರಿಟಿಷ್ ಅಸೋಸಿಯೇಷನ್ನಿನ ಸಮಿತಿ ರೋಧದ ಮಾದರಿಯನ್ನು ಸಿದ್ಧಪಡಿಸಿತು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್, ಕೂಲಂಬ್, ಫ್ಯಾರಡ್ ಐದಕ್ಕೂ ಮುದ್ರೆ ಒತ್ತಿತು. ಒಂದು ಸೂಚನೆ: ಎರಡು ಸಮಾಂತರ ತಂತಿಗಳ ನಡುವಿನ ಬಲದಿಂದ ಆಂಪಿಯರನ್ನು ನಿರೂಪಿಸುವ ಹಳೆಯ ವಾಕ್ಯ ಈಗ ಚಾಲ್ತಿಯಲ್ಲಿಲ್ಲ. 2019ರ ಮೇ 20ರಿಂದ ಎಲೆಕ್ಟ್ರಾನಿನ ಆವೇಶವನ್ನು ನಿಗದಿಪಡಿಸಿ ಅದರಿಂದ ಆಂಪಿಯರನ್ನು ಪಡೆಯಲಾಗುತ್ತಿದೆ. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಸುಮಾರು 62 ಲಕ್ಷ ಕೋಟಿ ಕೋಟಿಯಲ್ಲ, ಅದಕ್ಕೂ ಕೆಳಗೆ, 6.24ನ್ನು 10ರ 18ನೆಯ ಘಾತದಿಂದ ಗುಣಿಸಿದಷ್ಟು ಎಲೆಕ್ಟ್ರಾನುಗಳು.

ಹೈಟೆನ್ಷನ್ ಏಕೆ ಬೇಕು? ತುಂಗಭದ್ರೆಯ ಹಳೆಯ ಘಟಕವೊಂದರ ಸಾಮರ್ಥ್ಯ 9 ಮೆಗಾವ್ಯಾಟ್. ಮೂರು ಫೇಸುಗಳ ಲೆಕ್ಕವನ್ನು ಸದ್ಯ ಬದಿಗಿಡೋಣ. ಇಷ್ಟನ್ನು 230 ವೋಲ್ಟಿನಲ್ಲಿ ಸಾಗಿಸಲು ಸುಮಾರು 39,000 ಆಂಪಿಯರ್ ಹರಿಯಬೇಕು. 1,10,000 ವೋಲ್ಟಿಗೆ ಏರಿಸಿದರೆ ಸುಮಾರು 82 ಆಂಪಿಯರ್ ಸಾಕು. ತಂತಿ ಬಿಸಿಯಾಗಿ ನಷ್ಟವಾಗುವ ಶಕ್ತಿ ಪ್ರವಾಹದ ವರ್ಗದಂತೆ ಬೆಳೆಯುವುದರಿಂದ, ಅದೇ ತಂತಿಯಲ್ಲಿ ನಷ್ಟ ಎರಡು ಲಕ್ಷ ಪಟ್ಟಿಗೂ ಹೆಚ್ಚು ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹೋದದ್ದು ಈ ಲೆಕ್ಕದ ಬಲದಿಂದ.

ನೀರಿನ ಹೋಲಿಕೆ ಎಲ್ಲಿಯವರೆಗೂ ನಡೆಯುವುದಿಲ್ಲ. ಕಾಲುವೆಗೆ ಬಿಟ್ಟ ನೀರು ಕೊನೆಯಂಚಿನ ರೈತನನ್ನು ಮುಟ್ಟಲು ದಿನಗಳು ಬೇಕು, ಮುಟ್ಟದೆಯೂ ಇರಬಹುದು. ಸ್ವಿಚ್ ಒತ್ತಿದರೆ ದೀಪ ಆ ಕ್ಷಣವೇ ಹತ್ತುತ್ತದೆ. ಹಾಗೆಂದು ಎಲೆಕ್ಟ್ರಾನುಗಳು ಓಡಿ ಬಂದವೆಂದಲ್ಲ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಅವು ಸಾಗುವುದು ಗಂಟೆಗೆ ಸುಮಾರು ಕಾಲು ಮೀಟರ್. ತಂತಿಯನ್ನು ಒಣ ಕಾಲುವೆಯಂತಲ್ಲ, ಮೊದಲೇ ತುಂಬಿರುವ ಕೊಳವೆಯಂತೆ ಊಹಿಸಿಕೊಳ್ಳಿ. ಮನೆಯ ಪರ್ಯಾಯ ವಿದ್ಯುತ್ತಿನಲ್ಲಂತೂ ಅವು ಮುಂದಕ್ಕೂ ಹೋಗುವುದಿಲ್ಲ. ಸೆಕೆಂಡಿಗೆ 50 ಸಲ ಹೋಗಿಬಂದು ಇದ್ದಲ್ಲೇ ತೂಗಾಡುತ್ತವೆ. ಈ 50 ಎಂಬುದೇ ಆವೃತ್ತಿ. ಪುಸ್ತಕದ ಎರಡನೆಯ ಆವೃತ್ತಿಗೂ ಇದಕ್ಕೂ ಸಂಬಂಧ ಇಷ್ಟೇ: ಎರಡರಲ್ಲೂ 'ಮತ್ತೆ ಬರುವುದು' ಎಂಬ ಅರ್ಥವಿದೆ.

ತಂತಿ ಬಿಟ್ಟು ಆಚೆಗೆ

ಎಲೆಕ್ಟ್ರಾನುಗಳ ಈ ತೂಗಾಟವನ್ನು ಬಹಳ ವೇಗಗೊಳಿಸಿದರೆ ಶಕ್ತಿಯ ಒಂದಂಶ ಅಲೆಯಾಗಿ ತಂತಿಯನ್ನೇ ಬಿಟ್ಟು ಹೊರಡುತ್ತದೆ. ಇಂಥ ಅಲೆಗಳಿವೆಯೆಂದು ಮ್ಯಾಕ್ಸ್‌ವೆಲ್ 1865ರಲ್ಲಿ ಲೆಕ್ಕ ಹಾಕಿದ್ದ. ಹೈನ್ರಿಕ್ ಹರ್ಟ್ಸ್ 1887-88ರಲ್ಲಿ ಕಾರ್ಲ್ಸ್‌ರೂ ನಗರದ ತನ್ನ ಪ್ರಯೋಗಾಲಯದಲ್ಲಿ ಅದನ್ನು ಮಾಡಿ ತೋರಿಸಿದ. ಒಂದು ಕಡೆ ಕಿಡಿ ಹಾರಿಸಿದರೆ, ಕೋಣೆಯ ಇನ್ನೊಂದು ಕಡೆ ಇಟ್ಟ ತಂತಿಯ ಬಳೆಯ ಸಂದಿನಲ್ಲಿ ಸಣ್ಣ ಕಿಡಿ ಕಾಣಿಸಿತು. ನಡುವೆ ತಂತಿ ಇರಲಿಲ್ಲ. 'ತಂತಿ ಬಂತು' ಎಂದರೆ ಟೆಲಿಗ್ರಾಮ್ ಎಂದೇ ಅರ್ಥವಾಗಿದ್ದ ಕನ್ನಡದಲ್ಲಿ ಇದಕ್ಕೆ 'ನಿಸ್ತಂತು' ಎಂಬ ಪದ ಸಹಜವಾಗಿ ಕೂಡಿಬಂತು. 2013ರ ಜುಲೈನಲ್ಲಿ ಭಾರತದ ಟೆಲಿಗ್ರಾಮ್ ಸೇವೆಯೇ ನಿಂತಿತು. ತಂತಿ ಹೋಗಿ ನಿಸ್ತಂತು ಉಳಿಯಿತು.

ಹಿಂದೆ ಧಾರವಾಡ ಆಕಾಶವಾಣಿ ಕೇಳಿದವರಿಗೆ ಎರಡು ಅಂಕಿಗಳು ನೆನಪಿರಬಹುದು: 392.2 ಮೀಟರ್ ಮತ್ತು 765 ಕಿಲೊಹರ್ಟ್ಸ್. ಮೊದಲನೆಯದು ತರಂಗದೂರ, ಎರಡನೆಯದು ಆವೃತ್ತಿ. ಎರಡನ್ನೂ ಗುಣಿಸಿ ನೋಡಿ, ಬೆಳಕಿನ ವೇಗವಾದ ಸೆಕೆಂಡಿಗೆ ಸುಮಾರು 30 ಕೋಟಿ ಮೀಟರ್ ಬರುತ್ತದೆ. ಯಾವ ಕೇಂದ್ರವನ್ನು ತೆಗೆದುಕೊಂಡರೂ ಅಷ್ಟೇ. ಹೊಸಪೇಟೆ ಆಕಾಶವಾಣಿಯ ಎಫ್.ಎಂ. ಆವೃತ್ತಿ 100.5 ಮೆಗಾಹರ್ಟ್ಸ್, ಆದ್ದರಿಂದ ತರಂಗದೂರ ಸುಮಾರು 3 ಮೀಟರ್. ಆಂಟೆನಾ ತರಂಗದೂರದ ಕಾಲುಭಾಗ ಇದ್ದರೆ ಒಳ್ಳೆಯದು. ಎಫ್.ಎಂ.ಗೆ ಮುಕ್ಕಾಲು ಮೀಟರಿನ ಕಡ್ಡಿ ಸಾಕು. ಅದೇ ಲೆಕ್ಕದಲ್ಲಿ ಧಾರವಾಡದ ಅಲೆಗೆ ಸುಮಾರು 98 ಮೀಟರ್ ಬೇಕು! ಹೈಟೆನ್ಷನ್ ತಂತಿಯ 50 ಹರ್ಟ್ಸಿಗೆ ತರಂಗದೂರ 6000 ಕಿ.ಮೀ. ಅಲೆಯಾಗಿ ಹೊರಡಲು ಅದಕ್ಕೆ ನಮ್ಮ ತಂತಿಗಳು ತೀರ ಗಿಡ್ಡ.

ಮಧ್ಯಮ ತರಂಗ ನೆಲವನ್ನು ಹಿಡಿದು ದೂರ ಸಾಗುತ್ತದೆ. ಎಫ್.ಎಂ. ಅಲೆ ಬಹುಮಟ್ಟಿಗೆ ನೇರ ನೋಟದಂತೆ ಹೋಗುತ್ತದೆ, ಸಂಡೂರಿನ ಬೆಟ್ಟ ಅಡ್ಡಬಂದರೆ ಕುಂದುತ್ತದೆ. ಆದರೆ ಮುಂಗಾರಿನ ಸಂಜೆ ಮಿಂಚಿದಾಗ ಮಧ್ಯಮ ತರಂಗದಲ್ಲಿ ಕರಕರ ಎನ್ನುತ್ತದೆ, ಎಫ್.ಎಂ.ನಲ್ಲಿ ಅಷ್ಟಿಲ್ಲ. ಏಕೆಂದರೆ ಮಧ್ಯಮ ತರಂಗದಲ್ಲಿ ಮಾತನ್ನು ಹೊರುವುದು ಅಲೆಯ ಪಾರದ, ಅಂದರೆ ಏರಿಳಿತದ ಎತ್ತರದ, ಬದಲಾವಣೆ. ಮಿಂಚು ಕೆಡಿಸುವುದೂ ಅದನ್ನೇ. ಎಫ್.ಎಂ.ನಲ್ಲಿ ಮಾತು ಆವೃತ್ತಿಯ ಸಣ್ಣ ಬದಲಾವಣೆಯಲ್ಲಿ ಅಡಗಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಗಾಳಿಯಲ್ಲಿ ಬರುವುದು ಶಬ್ದವಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲಿ ಪುಟ್ಟ ಪ್ರೇಷಕವೊಂದರಿಂದ ಪ್ರಸಾರ ಆರಂಭಿಸಿದರು. ಅದರ ಸಾಮರ್ಥ್ಯ ಸುಮಾರು 30 ವ್ಯಾಟ್, ಒಂದು ಮಂದ ಬಲ್ಬಿನಷ್ಟು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ 1957ರಲ್ಲಿ ಇಡೀ ದೇಶದ ಬಾನುಲಿಗೆ ಸಂದಿತು. ಹೆಸರು ಸೊಗಸಾಗಿದೆ, ನನಗೂ ಇಷ್ಟ. ಆದರೆ ನಮ್ಮ ನ್ಯಾಯ-ವೈಶೇಷಿಕ ದರ್ಶನಗಳಲ್ಲಿ ಆಕಾಶದ ಗುಣವೇ ಶಬ್ದ. ಹೆಸರನ್ನು ಮಾತ್ರ ನಂಬಿದ ವಿದ್ಯಾರ್ಥಿ, ಶಬ್ದವೇ ಬಾನಿನಲ್ಲಿ ಹಾರಿ ಬರುತ್ತದೆಂದು ಬರೆದರೆ ಆಶ್ಚರ್ಯವಿಲ್ಲ. ಶಬ್ದ ಪ್ರಸಾರಕೊಠಡಿಯ ಮೈಕಿನಲ್ಲೇ ವಿದ್ಯುತ್ತಾಗಿ ಬದಲಾಗುತ್ತದೆ, ನಮ್ಮ ರೇಡಿಯೊದ ಸ್ಪೀಕರಿನಲ್ಲಿ ಮತ್ತೆ ಹುಟ್ಟುತ್ತದೆ. ನಡುವಿನ ದಾರಿಯಲ್ಲಿ ಇರುವುದು ಬೆಳಕಿನ ಬಳಗದ ಮೂಕ ಅಲೆ.

ಹಲವು ಕೇಂದ್ರಗಳ ಅಲೆಗಳು ಒಟ್ಟಿಗೆ ಬಂದು ಆಂಟೆನಾಗೆ ತಾಗುವಾಗ ಒಂದನ್ನೇ ಆರಿಸುವುದು ಹೇಗೆ? ಸುರುಳಿ ಮತ್ತು ಧಾರಕ ಸೇರಿದ ಮಂಡಲಕ್ಕೆ ತನ್ನದೇ ಆದ ಒಂದು ಆವೃತ್ತಿ ಇರುತ್ತದೆ, ಉಯ್ಯಾಲೆಗೆ ಇರುವಂತೆ. ಹೊರಗಿನ ಅಲೆ ಅದೇ ಆವೃತ್ತಿಯದಾದರೆ ಮಾತ್ರ ಮಂಡಲ ಜೋರಾಗಿ ತೂಗುತ್ತದೆ. ಹಳೆಯ ರೇಡಿಯೊದ ತಿರುಪನ್ನು ತಿರುಗಿಸಿದಾಗ ಒಳಗೆ ಒಂದರೊಳಗೊಂದು ಸರಿಯುವ ತಗಡಿನ ರೆಕ್ಕೆಗಳು ಧಾರಕತೆಯನ್ನು ಬದಲಿಸುತ್ತವೆ. ನಮ್ಮ ಜಲಾಶಯದ ಹೂಳು ದಶಕಗಳಲ್ಲಿ ಮಾಡಿದ್ದನ್ನು ನಿಮ್ಮ ಬೆರಳು ಕ್ಷಣದಲ್ಲಿ ಮಾಡುತ್ತದೆ. ಆವೃತ್ತಿ ಧಾರಕತೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ಮಧ್ಯಮ ತರಂಗದ 531ರಿಂದ 1602 ಕಿಲೊಹರ್ಟ್ಸ್‌ವರೆಗೆ, ಅಂದರೆ ಸುಮಾರು ಮೂರು ಪಟ್ಟು ಏರಲು, ಧಾರಕತೆ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯಬೇಕು.

ಹರ್ಟ್ಸನ ಪ್ರಯೋಗವನ್ನು ನಿಮ್ಮ ತರಗತಿಯಲ್ಲೇ ಮಾಡಬಹುದು. ಮಧ್ಯಮ ತರಂಗವಿರುವ ಬ್ಯಾಟರಿ ರೇಡಿಯೊ ಒಂದನ್ನು ಯಾವ ಕೇಂದ್ರವೂ ಸಿಗದ ಕಡೆ ನಿಲ್ಲಿಸಿ. ಅಡುಗೆಮನೆಯಲ್ಲಿ ಬಳಸುವ, ಒತ್ತಿದರೆ ಕಿಡಿ ಮಾತ್ರ ಹಾರುವ ಗ್ಯಾಸ್ ಲೈಟರನ್ನು ಒಲೆಯಿಂದ ದೂರ ತಂದು ರೇಡಿಯೊದ ಬಳಿ ಒತ್ತಿ. ರೇಡಿಯೊ 'ಟಕ್' ಎನ್ನುತ್ತದೆ. ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಎಷ್ಟು ದೂರದವರೆಗೆ ಕೇಳುತ್ತದೆಂದು ಅಳೆಯಿರಿ. ನಡುವೆ ತಗಡಿನ ತಟ್ಟೆ ಹಿಡಿದು ನೋಡಿ, ರಟ್ಟು ಹಿಡಿದು ನೋಡಿ, ರೇಡಿಯೊವನ್ನು ಅಡ್ಡ ತಿರುಗಿಸಿ ನೋಡಿ. ಬಳಿಕ ಎಫ್.ಎಂ.ಗೆ ಬದಲಿಸಿ ಅದೇ ಕಿಡಿಯನ್ನು ಮತ್ತೆ ಹಾರಿಸಿ, ಎರಡು ಸಲದ ಶಬ್ದವನ್ನೂ ಹೋಲಿಸಿ ಪುಸ್ತಕದಲ್ಲಿ ಬರೆದಿಡಿ.